ಆಟಿಯ ಲೆಕ್ಕ ಹಾಕಿ, ಆಮೇಲೆ ಬ್ಯಾಟರಿ ಕೊಳ್ಳಿ: ಕ್ಯಾಂಪರ್ ಗಾಡಿಯ ಕರೆಂಟಿಗೆ ಒಂದು ಮಾರ್ಗದರ್ಶಿ

ಮಾರ್ಚ್ ತಿಂಗಳಲ್ಲಿ ಬೇಕಲದ ಕಡಲ ಬದಿಯಲ್ಲಿ ನಿಂತ ಕ್ಯಾಂಪರ್ ಗಾಡಿಯ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ತಿರುಗುವ ಗಾಡಿಯ ಮಾಡಿನ ಮೇಲೆ 200 ವ್ಯಾಟಿನ ಒಂದೇ ಒಂದು ಪ್ಯಾನೆಲ್ ಇದ್ದರೂ ಫ್ರಿಜ್, ಫ್ಯಾನ್, ದೀಪ ಎಲ್ಲ ನಡೆದು ಸಂಜೆಗೆ ಬ್ಯಾಟರಿ ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಅದೇ ಗಾಡಿಯನ್ನು ಆಟಿಯಲ್ಲಿ, ಅಂದರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ರಾಣಿಪುರ ಬೆಟ್ಟದ ಬುಡಕ್ಕೆ ಕೊಂಡುಹೋಗಿ ನಿಲ್ಲಿಸಿ. ಎರಡನೇ ಬೆಳಗ್ಗೆ ಫ್ರಿಜ್ ಕೂಗಿ ಕೂಗಿ ನಿಂತಿರುತ್ತದೆ, ಒಳಗಿದ್ದ ಹಾಲು ಒಡೆದಿರುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಇನ್ನೊಂದು ಪ್ಯಾನೆಲ್ ತಂದು ಹಾಕುವುದು. ಅದರಿಂದ ಸಮಸ್ಯೆ ಬಗೆಹರಿಯುವುದಿಲ್ಲ. ಏಕೆಂಬುದು ಮುಂದೆ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಕಾಸರಗೋಡಿನಂತಹ ಊರಲ್ಲಿ ಗಾಡಿ ಇಟ್ಟುಕೊಂಡವರು ಹಿಡಿಯಬೇಕಾದ ಕ್ರಮ ಹೀಗೆ: ಮೊದಲು ಕರೆಂಟಿನ ಖರ್ಚು, ಆಮೇಲೆ ಬ್ಯಾಟರಿ, ಆಮೇಲೆ ಅದನ್ನು ತುಂಬಿಸುವ ದಾರಿ, ಕೊನೆಗೆ ವಯರು. ಅಂಗಡಿಯಲ್ಲಿ ಮಾತು ಶುರುವಾಗುವುದು ಯಾವಾಗಲೂ ಪ್ಯಾನೆಲಿನಿಂದ. ಅಲ್ಲೇ ದಾರಿ ತಪ್ಪುವುದು.

ಖರ್ಚನ್ನು ಯೂನಿಟ್ಟಿನಲ್ಲಿ ಬರೆಯಿರಿ

ಕರೆಂಟು ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್. 100 ವ್ಯಾಟಿನ ಸಾಮಾನು 10 ಗಂಟೆ ಓಡಿದರೆ ಒಂದು ಯೂನಿಟ್. ಬ್ಯಾಟರಿ ಮೇಲೆ ಬರೆದ ಆಂಪಿಯರ್-ಅವರನ್ನು ವೋಲ್ಟೇಜಿನಿಂದ ಗುಣಿಸಿದರೆ ಅದೂ ಇದೇ ಲೆಕ್ಕಕ್ಕೆ ಬರುತ್ತದೆ. 12.8 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಎಂದರೆ 1.28 ಯೂನಿಟ್. ಬಿಲ್ಲು ಓದಲು ಬಂದವರಿಗೆ ಇಷ್ಟು ಸಾಕು.

ಇಬ್ಬರು ಇರುವ ಗಾಡಿಯ ಒಂದು ದಿನದ ಲೆಕ್ಕ, ನಮ್ಮ ಕರಾವಳಿಯ ಸೆಕೆಗೆ:

- 12 ವೋಲ್ಟಿನ 40 ಲೀಟರ್ ಕಂಪ್ರೆಸರ್ ಫ್ರಿಜ್: ಓಡುವಾಗ ಸುಮಾರು 50 ವ್ಯಾಟ್. ಹೊರಗೆ 33 ಡಿಗ್ರಿ ಇದ್ದರೆ ದಿನದ ಅರ್ಧಕ್ಕೆ ಹತ್ತಿರ ಓಡುತ್ತದೆ. 540 ವ್ಯಾಟ್-ಅವರ್.
- 12 ವೋಲ್ಟಿನ ಫ್ಯಾನ್, 15 ವ್ಯಾಟ್, 9 ಗಂಟೆ: 135.
- 3 ವ್ಯಾಟಿನ ನಾಲ್ಕು ಎಲ್‌ಇಡಿ, 4 ಗಂಟೆ: 50.
- ಎರಡು ಮೊಬೈಲ್: 50.
- ಲ್ಯಾಪ್‌ಟಾಪ್ 3 ಗಂಟೆ: 120.
- ನೀರಿನ ಪಂಪ್ ಕಾಲು ಗಂಟೆ: 15.
- 500 ವ್ಯಾಟಿನ ಮಿಕ್ಸಿ 5 ನಿಮಿಷ: 45.

ಒಟ್ಟು 955. ವಯರು, ಇನ್ವರ್ಟರ್, ಚಾರ್ಜರ್‌ಗಳಲ್ಲಿ ಸೋರಿಹೋಗುವುದಕ್ಕೆ ಶೇಕಡಾ 15 ಸೇರಿಸಿ. ದಿನಕ್ಕೆ 1.1 ಯೂನಿಟ್.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅರ್ಧಕ್ಕಿಂತ ಹೆಚ್ಚು ನುಂಗುವುದು ಫ್ರಿಜ್ ಒಂದೇ. ಅದನ್ನು ತಗ್ಗಿಸಲು ಪೈಸೆ ಖರ್ಚಿಲ್ಲದ ಮೂರು ದಾರಿಗಳಿವೆ. ಮನೆಯ ಫ್ರಿಜ್ಜಿನಲ್ಲಿ ತಣಿಸಿದ್ದನ್ನೇ ತುಂಬಿಸಿ ಹೊರಡಿ. 2 ಡಿಗ್ರಿಯ ಬದಲು 5 ಡಿಗ್ರಿಗೆ ಇಡಿ. ಬಿಸಿಗಾಳಿ ಹೊರಬೀಳುವ ಬದಿಯಲ್ಲಿ ನಾಲ್ಕು ಬೆರಳು ಜಾಗ ಬಿಡಿ. ಆ ಜಾಗದಲ್ಲಿ ಹಾಸಿಗೆ ತುರುಕಿದ ಗಾಡಿಗಳೇ ಜಾಸ್ತಿ. ಉಸಿರು ಕಟ್ಟಿದ ಕಂಪ್ರೆಸರ್ ಇಡೀ ದಿನ ಓಡುತ್ತದೆ.

ಈ ಪಟ್ಟಿಯಲ್ಲಿ ಇಂಡಕ್ಷನ್ ಒಲೆ ಬೇಕೆಂದೇ ಸೇರಿಸಿಲ್ಲ. 1800 ವ್ಯಾಟಿನ ಒಲೆ 12 ವೋಲ್ಟಿನ ಬ್ಯಾಟರಿಯಿಂದ 160 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಬೆಳ್ತಿಗೆಯಾದರೆ ಹೇಗೋ ಬೇಗ ಮುಗಿಯುತ್ತದೆ, ಕುಚ್ಚಲಕ್ಕಿ ಬೇಯಿಸಹೊರಟರೆ ಊಟಕ್ಕೆ ಮೊದಲೇ ದಿನದ ಕರೆಂಟು ಖಾಲಿ. ಅಡುಗೆಗೆ ಗ್ಯಾಸೇ ಇರಲಿ. ಎಸಿಯ ಮಾತೂ ಅಷ್ಟೆ: ರಾತ್ರಿಯಿಡೀ ಎಸಿ ಬೇಕೆನ್ನುವವರಿಗೆ ಈ ಲೇಖನದ ಯಾವ ಲೆಕ್ಕವೂ ಸಾಲದು.

ಎಷ್ಟು ಬ್ಯಾಟರಿ, ಯಾವ ಬ್ಯಾಟರಿ

ಒಂದೂವರೆ ದಿನದ ಖರ್ಚು ಹಿಡಿದಿಡುವಷ್ಟು ಬ್ಯಾಟರಿ ಇರಲಿ. ನಮ್ಮ ಲೆಕ್ಕದಲ್ಲಿ 1.65 ಯೂನಿಟ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇಕಡಾ 85ರಷ್ಟು ಧೈರ್ಯವಾಗಿ ಬಳಸಬಹುದು. 150 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಇರುವುದು 1.92 ಯೂನಿಟ್, ಕೈಗೆ ಸಿಗುವುದು 1.63. ಸರಿಹೋಯಿತು. ಶನಿವಾರ ಹೋಗಿ ಭಾನುವಾರ ಬರುವವರು, ಲ್ಯಾಪ್‌ಟಾಪ್ ಮಿಕ್ಸಿ ಬೇಡದವರು 100ರಲ್ಲಿ ಸುಧಾರಿಸಬಹುದು.

ಇದೇ ಕೆಲಸವನ್ನು ಲೆಡ್-ಆಸಿಡ್‌ನಿಂದ ಮಾಡಿಸಲು ಅರ್ಧಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ. ಅಂದರೆ ಮನೆಯ ಇನ್ವರ್ಟರಿನ 150ರ ಟ್ಯೂಬುಲರ್ ಬ್ಯಾಟರಿ ಎರಡು ಬೇಕು. ಆಸಿಡ್ ಸೇರಿ ಒಂದೊಂದೂ 50 ಕಿಲೋ ದಾಟುತ್ತದೆ. ಎರಡೆಂದರೆ ಇಬ್ಬರು ಆಳುಗಳನ್ನು ಸದಾ ಹೊತ್ತು ತಿರುಗಿದ ಹಾಗೆ. ಅದೂ ಅಲ್ಲದೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ತಿರುವಿನಲ್ಲಿ ಆಸಿಡ್ ತುಳುಕುತ್ತದೆ. ಮಲಗುವ ಜಾಗದಲ್ಲಿ ಅದನ್ನು ಇಡಲೇಬಾರದು. ‘ಮನೆಯಲ್ಲಿ ಹೊಸ ಇನ್ವರ್ಟರ್ ಹಾಕಿಸಿದೆವು, ಹಳೆಯದ್ದನ್ನು ಗಾಡಿಗೆ ಹಾಕೋಣ’ ಎನ್ನುವುದು ನಮ್ಮ ಕಡೆ ಸಾಮಾನ್ಯ. ಬೇಡ.

ಮೊಹರು ಮಾಡಿದ, ಎಜಿಎಂ ಎಂಬ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಆಸಿಡ್ ತುಳುಕುವ ಭಯವಿಲ್ಲ. ಆದರೆ ಮಳೆನಾಡಿನಲ್ಲಿ ಅದಕ್ಕೆ ಬೇರೆಯೇ ಒಂದು ಗಂಡಾಂತರ. ಲೆಡ್-ಆಸಿಡ್ ಬ್ಯಾಟರಿ ಯಾವುದೇ ಇರಲಿ, ಕೊನೆಯ ಶೇಕಡಾ 20 ತುಂಬಲು ನಾಲ್ಕೈದು ಗಂಟೆ ತೆಗೆದುಕೊಳ್ಳುತ್ತದೆ. ಆಗ ಎಷ್ಟು ಆಂಪಿಯರ್ ಕೊಟ್ಟರೂ ಅದು ತೆಗೆದುಕೊಳ್ಳುವುದಿಲ್ಲ. ಮೋಡ ಮುಚ್ಚಿದ ದಿನಗಳಲ್ಲಿ ಅಷ್ಟು ಹೊತ್ತು ಬಿಸಿಲೇ ಇಲ್ಲ. ಹೀಗೆ ವಾರಗಟ್ಟಲೆ ಮುಕ್ಕಾಲು ತುಂಬಿ ನಿಂತರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಸಾಮರ್ಥ್ಯ ಇಳಿಯುತ್ತದೆ. ಬಳಸಿ ಹಾಳಾಗುವುದಕ್ಕಿಂತ ತುಂಬದೆ ಹಾಳಾಗುವುದೇ ಹೆಚ್ಚು. ಐರನ್ ಫಾಸ್ಫೇಟ್‌ಗೆ ಅರ್ಧ ತುಂಬಿ ನಿಲ್ಲುವುದು ತೊಂದರೆಯೇ ಅಲ್ಲ, ಅದಕ್ಕೆ ಅದೇ ಹಿತ. ಸಾವಿರಗಟ್ಟಲೆ ಸಲ ತುಂಬಿ ಖಾಲಿಯಾಗುವ ಬಾಳಿಕೆಗಿಂತ ನಮ್ಮೂರಿಗೆ ಈ ಗುಣವೇ ಮುಖ್ಯ.

‘ಲಿಥಿಯಂ’ ಎಂಬ ಒಂದೇ ಮಾತಿಗೆ ದುಡ್ಡು ಕೊಡಬೇಡಿ. ಹಳೆಯ ಇ-ಸ್ಕೂಟರಿನ ಪ್ಯಾಕ್ ಬಿಚ್ಚಿ ಕಟ್ಟಿದ ಬ್ಯಾಟರಿಗಳೂ ಇದೇ ಹೆಸರಲ್ಲಿ ಬರುತ್ತವೆ. ಅವುಗಳಲ್ಲಿ ಹಲವು ನಿಕ್ಕಲ್ ಕೋಬಾಲ್ಟ್ ಜಾತಿಯವು. ಕೆಟ್ಟರೆ ಬೆಂಕಿ ಹಿಡಿಯುವ ಸಾಧ್ಯತೆ ಐರನ್ ಫಾಸ್ಫೇಟ್‌ಗಿಂತ ಬಹಳ ಹೆಚ್ಚು. ಲೇಬಲ್ಲಿನ ವೋಲ್ಟೇಜ್ ನೋಡಿ. ಐರನ್ ಫಾಸ್ಫೇಟಿನ ಒಂದು ಸೆಲ್ 3.2 ವೋಲ್ಟ್, ನಾಲ್ಕು ಸೇರಿದರೆ 12.8. ಅಲ್ಲಿ 11.1 ಅಥವಾ 14.8 ಎಂದಿದ್ದರೆ ಅದು ಬೇರೆ ಜಾತಿ, ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಎತ್ತಿ ನೋಡಿ: 100 ಆಂಪಿಯರ್-ಅವರಿನದು 10ರಿಂದ 13 ಕಿಲೋ ತೂಗಬೇಕು. ಏಳು ಕಿಲೋ ಇದ್ದರೆ ಒಳಗೆ ನೂರು ಇಲ್ಲ.

ಇನ್ನು ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಒಳಗಿನ ಬೋರ್ಡು. ಎಡೆಬಿಡದೆ ಎಷ್ಟು ಆಂಪಿಯರ್ ಕೊಡುತ್ತದೆ, ಎಷ್ಟು ಆಂಪಿಯರಿನಲ್ಲಿ ಚಾರ್ಜ್ ಮಾಡಬಹುದು, ಬಿಸಿಯಾದರೆ ಕಡಿಯುತ್ತದೆಯೇ, ಈ ಮೂರನ್ನು ಕೇಳಿ. 1000 ವ್ಯಾಟಿನ ಇನ್ವರ್ಟರ್ ಇಡುವುದಾದರೆ 100 ಆಂಪಿಯರಿನ ಬಿಎಂಎಸ್ ಬೇಕು. ರಿಪೇರಿಗೆ ಮಂಗಳೂರಿನ ಒಳಗೆ ಜಾಗ ಇರುವ ಕಂಪನಿಯದ್ದಾದರೆ ಒಳ್ಳೆಯದು. ಲಿಥಿಯಂ ಬ್ಯಾಟರಿಯನ್ನು ಕೊರಿಯರಿನವರು ವಾಪಸು ತೆಗೆದುಕೊಳ್ಳಲು ತಕರಾರು ಮಾಡುತ್ತಾರೆ.

ಬರೆದಷ್ಟು ಇದೆಯೇ? ಹೆಡ್‌ಲೈಟ್ ಬಲ್ಬಿನ ಪರೀಕ್ಷೆ

ತಂದ ವಾರದಲ್ಲೇ, ಬದಲಾಯಿಸುವ ಗಡು ಮುಗಿಯುವ ಮೊದಲು ಇದನ್ನು ಮಾಡಿ. ಬೇಕಾದದ್ದು ಗುಜರಿಯಲ್ಲಿ ಸಿಗುವ 55 ವ್ಯಾಟಿನ ಎರಡು ಹ್ಯಾಲೊಜನ್ ಹೆಡ್‌ಲೈಟ್ ಬಲ್ಬು, 15 ಆಂಪಿಯರಿನ ಒಂದು ಫ್ಯೂಸ್, 2.5 ಚದರ ಮಿಲಿಮೀಟರಿನ ವಯರು, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್. ಸಾಮಾನ್ಯ ಕ್ಲ್ಯಾಂಪ್ ಮೀಟರ್ ಎಸಿ ಮಾತ್ರ ಅಳೆಯುತ್ತದೆ, ಕೇಳಿ ತನ್ನಿ.

100 ಆಂಪಿಯರ್-ಅವರಿನ ಬ್ಯಾಟರಿ ಎಂದುಕೊಳ್ಳಿ. ಅದನ್ನು ಲಿಥಿಯಂ ಚಾರ್ಜರಿನಲ್ಲಿ 14.4 ವೋಲ್ಟಿನವರೆಗೆ ತುಂಬಿಸಿ ಒಂದು ಗಂಟೆ ಬಿಡಿ. ಎರಡು ಬಲ್ಬನ್ನೂ ಪ್ಯಾರಲಲ್ ಆಗಿ, ಫ್ಯೂಸಿನ ಮೂಲಕ ಹಚ್ಚಿ. ಬಲ್ಬುಗಳನ್ನು ಅಂಗಳದಲ್ಲಿ ಬರಿಯ ಕೆಂಪುಕಲ್ಲಿನ ಮೇಲೆ ಇಡಿ. ಗಾಜು ಕೈ ಸುಡುವಷ್ಟು ಕಾಯುತ್ತದೆ. ಪಕ್ಕದಲ್ಲಿ ಒಣಗಿದ ಹಾಳೆ, ಅಡಿಕೆ ಸಿಪ್ಪೆ ಇರಕೂಡದು. ಮೀಟರ್ ಸುಮಾರು 9 ಆಂಪಿಯರ್ ತೋರಿಸುತ್ತದೆ. ಸಮಯ ಬರೆದಿಡಿ. ಗಂಟೆಗೊಮ್ಮೆ ಆಂಪಿಯರ್ ನೋಡಿ. ಐರನ್ ಫಾಸ್ಫೇಟಿನ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದ ಕಾರಣ ಅದು ಅಷ್ಟರಲ್ಲೇ ನಿಂತಿರುತ್ತದೆ. ಬೆಳಗ್ಗೆ ಏಳಕ್ಕೆ ಹಚ್ಚಿದರೆ ಸಂಜೆ ಆರರ ಹೊತ್ತಿಗೆ, ಅಂದರೆ ಸುಮಾರು 11 ಗಂಟೆ ಕಳೆದ ಮೇಲೆ ಬಿಎಂಎಸ್ ಕಡಿದು ಬಲ್ಬು ತಟ್ಟನೆ ಆರಬೇಕು. ಮಧ್ಯಾಹ್ನ ಎರಡಕ್ಕೇ ಆರಿದರೆ 9ನ್ನು 7ರಿಂದ ಗುಣಿಸಿ: 63. ನೂರರ ಬೆಲೆಗೆ ಅರವತ್ತಮೂರು ಬಂದಿದೆ. ಫೋಟೋ ಸಮೇತ ಅಂಗಡಿಗೆ ಹಿಂತಿರುಗಿಸಿ.

ಪರೀಕ್ಷೆ ಮುಗಿದ ಕೂಡಲೇ ಚಾರ್ಜಿಗೆ ಹಾಕಿ. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಹಾಗೇ ವಾರಗಟ್ಟಲೆ ಮೂಲೆಯಲ್ಲಿ ಬಿಟ್ಟರೆ ಮತ್ತೆ ಏಳಲಿಕ್ಕಿಲ್ಲ.

ವೋಲ್ಟ್ ಮೀಟರ್ ನೋಡಿ ಐರನ್ ಫಾಸ್ಫೇಟಿನಲ್ಲಿ ಎಷ್ಟು ಉಳಿದಿದೆ ಎಂದು ಹೇಳಲು ಬರುವುದಿಲ್ಲ. 13.2 ವೋಲ್ಟ್ ಎಂದರೆ ಶೇಕಡಾ 70 ಇರಬಹುದು, 45 ಇರಬಹುದು. ಆದ್ದರಿಂದ ಒಳಬಂದ, ಹೊರಹೋದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಒಂದು ಬೇಕೇ ಬೇಕು. ಬ್ಯಾಟರಿಯ ನೆಗೆಟಿವ್‌ನಿಂದ ಶಂಟಿಗೆ ಒಂದೇ ವಯರು. ಉಳಿದೆಲ್ಲ ನೆಗೆಟಿವ್‌ಗಳೂ ಶಂಟಿನ ಆಚೆಬದಿಗೆ. ಅವಸರದಲ್ಲಿ ಇನ್ವರ್ಟರಿನ ನೆಗೆಟಿವ್ ನೇರ ಬ್ಯಾಟರಿಗೆ ಕೊಟ್ಟರೆ ಅದು ಲೆಕ್ಕಕ್ಕೇ ಸಿಗದು. ಮೀಟರ್ 60 ಎನ್ನುತ್ತಿರುವಾಗಲೇ ಕತ್ತಲಾಗುತ್ತದೆ.

ಬ್ಯಾಟರಿ ಇಡುವ ಜಾಗ: ಬಾನೆಟ್ಟಿನ ಒಳಗಲ್ಲ, ಗಾಜಿನ ಬುಡದಲ್ಲಿ ಅಲ್ಲ. ಏಪ್ರಿಲಿನ ಬಿಸಿಲಿಗೆ ಮುಚ್ಚಿಟ್ಟ ಗಾಡಿಯ ಒಳಗೆ 50 ಡಿಗ್ರಿ ದಾಟುವುದುಂಟು. 45ರ ಮೇಲೆ ಚಾರ್ಜ್ ಮಾಡಿದರೆ ಬ್ಯಾಟರಿಯ ಆಯುಷ್ಯ ಇಳಿಯುತ್ತದೆ. ನೆಲಕ್ಕೆ ಹತ್ತಿರ, ಎರಡು ಚಕ್ರಗಳ ನಡುವೆ, ಕಬ್ಬಿಣದ ಆಂಗಲ್ ಚೌಕಟ್ಟಿನಲ್ಲಿ ಬೆಲ್ಟ್ ಬಿಗಿದು ಕೂರಿಸಿ.

ತುಂಬಿಸುವ ದಾರಿಗಳು: ಬಿಸಿಲಿಗೆ ಪ್ಯಾನೆಲ್, ಮಳೆಗೆ ಇಂಜಿನ್

ಈಗ ಆ ಎರಡನೇ ಪ್ಯಾನೆಲಿನ ಲೆಕ್ಕಕ್ಕೆ ಬರೋಣ. ಮಾರ್ಚಿನ ಬಿಸಿಲಿಗೆ ಮಾಡಿನ ಮೇಲೆ ಅಡ್ಡ ಮಲಗಿಸಿದ 200 ವ್ಯಾಟಿನ ಪ್ಯಾನೆಲ್ ದಿನಕ್ಕೆ ಸುಮಾರು 0.8 ಯೂನಿಟ್ ಕೊಡುತ್ತದೆ. ಆಟಿಯಲ್ಲಿ ಮಳೆ ಹಿಡಿದುಕೊಂಡ ದಿನ ಅದೇ ಪ್ಯಾನೆಲಿನಿಂದ ಕಾಲು ಯೂನಿಟ್ ಬಂದರೆ ಬಂತು. ಇನ್ನೊಂದು 200 ಸೇರಿಸಿದರೆ ಅರ್ಧ ಯೂನಿಟ್. ಖರ್ಚು 1.1. ಇನ್ನೂ 0.6 ಕೊರತೆ. ಮಾಡಿನಲ್ಲಿ ಮೂರನೆಯದಕ್ಕೆ ಜಾಗವಿಲ್ಲ.

ಇಂಜಿನ್ ಓಡುವಾಗ ಕರೆಂಟು ಕೊಡುವ ಆಲ್ಟರ್ನೇಟರಿನಿಂದ, ಆ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಹೊಂದಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಮೂಲಕ ತುಂಬಿಸಿದರೆ ಗಂಟೆಗೆ 0.4 ಯೂನಿಟ್ ಬರುತ್ತದೆ. ಕಾಞಂಗಾಡಿನಿಂದ ರಾಣಿಪುರಕ್ಕೆ 48 ಕಿಲೋಮೀಟರ್. ಏರುದಾರಿಯಲ್ಲಿ ಒಂದೂವರೆ ಗಂಟೆ ಹಿಡಿಯಿರಿ. ಆ ಕೊರತೆಯ 0.6 ದಾರಿಯಲ್ಲೇ ತುಂಬಿಹೋಯಿತು, ಬೇರೆ ಡೀಸೆಲ್ ಸುಡಲು ಹೋಗಬೇಕಾಗಿಲ್ಲ. ಆದ್ದರಿಂದ ದುಡ್ಡು ಒಂದಕ್ಕೇ ಸಾಲುವುದಾದರೆ ಎರಡನೇ ಪ್ಯಾನೆಲ್ ಬಿಟ್ಟು ಡಿಸಿ-ಡಿಸಿ ಚಾರ್ಜರ್ ತೆಗೆದುಕೊಳ್ಳಿ.

ಹಳೆಯ ಕಾಲದ ರಿಲೇ ಹಾಕಿ ಎರಡು ಬ್ಯಾಟರಿಗಳನ್ನು ಜೋಡಿಸುವ ಪದ್ಧತಿ ಇನ್ನೂ ಕೆಲವು ವರ್ಕ್‌ಶಾಪುಗಳಲ್ಲಿದೆ. ಲಿಥಿಯಂಗೆ ಅದು ಸಲ್ಲ. ಹಸಿದ ಲಿಥಿಯಂ ಬ್ಯಾಟರಿ ಆಲ್ಟರ್ನೇಟರ್ ಕೊಟ್ಟಷ್ಟನ್ನೂ ಹೀರುತ್ತದೆ. ಬ್ಲಾಕಿನಲ್ಲಿ ಗಾಡಿ ನಿಂತು ಇಂಜಿನ್ ಐಡಲಿಂಗಿನಲ್ಲಿದ್ದಾಗ ಆಲ್ಟರ್ನೇಟರಿನ ಫ್ಯಾನೂ ಮೆಲ್ಲಗೆ ತಿರುಗುವುದರಿಂದ ತಣಿಯುವುದಿಲ್ಲ, ಸುರುಳಿ ಸುಟ್ಟುಹೋಗುತ್ತದೆ. ಬಿಎಸ್ 6 ಗಾಡಿಗಳಲ್ಲಿ ಇನ್ನೊಂದು ತಂಟೆ: ಡೀಸೆಲ್ ಉಳಿಸಲು ಆಲ್ಟರ್ನೇಟರ್ ತಾನಾಗಿ ವೋಲ್ಟೇಜ್ ಇಳಿಸಿಬಿಡುತ್ತದೆ, ರಿಲೇಯಲ್ಲಿ ಕರೆಂಟು ಹಿಂದುಮುಂದಾಗಿ ಹರಿಯುತ್ತದೆ. ಡಿಸಿ-ಡಿಸಿ ಚಾರ್ಜರ್ ಇವೆರಡನ್ನೂ ತಡೆಯುತ್ತದೆ. ಅದರ ಆಂಪಿಯರ್ ನಿಮ್ಮ ಆಲ್ಟರ್ನೇಟರ್ ಮೇಲೆ ಬರೆದುದರ ಮೂರನೇ ಒಂದು ಭಾಗ ಮೀರದಿರಲಿ. ಸಣ್ಣ ವ್ಯಾನಿಗೆ 20 ಸಾಕು. ಇಗ್ನಿಷನ್ ವಯರು ಕೊಡುವುದು ಮರೆಯಬೇಡಿ, ಇಲ್ಲವಾದರೆ ನಿಂತಾಗಲೂ ಸ್ಟಾರ್ಟರ್ ಬ್ಯಾಟರಿಯನ್ನು ಹೀರುತ್ತಿರುತ್ತದೆ.

ಪ್ಯಾನೆಲ್ ಆರಿಸುವಾಗ ನಾಲ್ಕು ಮಾತು. ಒಂದು, ನೆರಳು. ಪ್ಯಾನೆಲಿನೊಳಗೆ ಸೆಲ್‌ಗಳು ಸರಪಳಿಯಂತೆ ಜೋಡಿಸಿರುತ್ತವೆ. ಒಂದು ತೆಂಗಿನ ಗರಿಯ ನೆರಳು ಅಡ್ಡ ಬಿದ್ದರೆ ಆ ಸರಪಳಿಯೇ ಸೊರಗುತ್ತದೆ, ನೆರಳು ಕಾಲುಭಾಗ ಇದ್ದರೆ ನಷ್ಟ ಅರ್ಧಕ್ಕೂ ಮೀರಬಹುದು. ತೋಟಗಳ ನಡುವೆ ನಿಲ್ಲುವವರಿಗೆ 200ರ ಒಂದರ ಬದಲು 100ರ ಎರಡನ್ನು ಪ್ಯಾರಲಲ್ ಜೋಡಿಸುವುದು ಮೇಲು. ತೆಂಗಿನ ಬುಡದಲ್ಲಿ ಗಾಡಿ ನಿಲ್ಲಿಸಬಾರದು ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಎರಡು, ಮಡಚುವ ಪ್ಯಾನೆಲ್. ಗಾಡಿಯನ್ನು ಗೇರುಮರದ ನೆರಳಲ್ಲಿ ಬಿಟ್ಟು, 100 ವ್ಯಾಟಿನ ಮಡಚುವ ಪ್ಯಾನೆಲನ್ನು 8 ಮೀಟರ್ ವಯರಿನಲ್ಲಿ ಬಿಸಿಲಿಗೆ ಹರಡಿದರೆ ಫ್ರಿಜ್ಜಿನ ಖರ್ಚೂ ಇಳಿಯುತ್ತದೆ, ಕರೆಂಟೂ ಬರುತ್ತದೆ. ಕಡಲ ಬದಿಯಲ್ಲಾದರೆ ಗೂಟಕ್ಕೆ ಕಟ್ಟಿ. ಮೂರು, ಮಾಡಿಗೆ ಅಂಟಿಸುವ ಬಳುಕುವ ಪ್ಯಾನೆಲ್ ಬೇಡ. ಅಡಿಯಲ್ಲಿ ಗಾಳಿಯಾಡದೆ ಕಾಯುತ್ತದೆ, ಒಂದೊಂದು ಡಿಗ್ರಿ ಏರಿದಂತೆ ಶೇಕಡಾ 0.4ರಷ್ಟು ಉತ್ಪಾದನೆ ಇಳಿಯುತ್ತದೆ, ಕೆಲವೇ ವರ್ಷಗಳಲ್ಲಿ ಪದರ ಬಿಡುತ್ತದೆ. ಗಾಜಿನದನ್ನೇ ಎರಡು ಇಂಚು ಎತ್ತರಿಸಿ, ಸ್ಟೇನ್‌ಲೆಸ್ ಬೋಲ್ಟಿನಲ್ಲಿ ಕೂರಿಸಿ. ತೂತುಗಳಿಗೆ ಸಿಲಿಕೋನ್ ಅಲ್ಲ, ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ. ನಾಲ್ಕು, ಓರೆಗೊಳಿಸುವ ಸ್ಟ್ಯಾಂಡ್ ಕೊಳ್ಳಬೇಡಿ. ನಾವಿರುವುದು 12.5 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಅಡ್ಡ ಮಲಗಿಸಿದರೆ ಡಿಸೆಂಬರಿನಲ್ಲಿ ಸ್ವಲ್ಪ ನಷ್ಟ, ಅಷ್ಟೆ.

ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರ್, ಪ್ಯಾನೆಲಿನಿಂದ ಸಿಗುವಷ್ಟನ್ನೂ ಹಿಂಡುವ ಎಂಪಿಪಿಟಿ ಜಾತಿಯದ್ದಿರಲಿ, ಲಿಥಿಯಂ ಸೆಟ್ಟಿಂಗ್ ಇರಲಿ. ಮನೆಯ ಮಾಡಿಗೆ ಹಾಕುವ 540 ವ್ಯಾಟಿನ ದೊಡ್ಡ ಪ್ಯಾನೆಲ್ ಅಗ್ಗಕ್ಕೆ ಸಿಕ್ಕಿತೆಂದು ತರುವವರು ಗಮನಿಸಿ: ಲೋಡ್ ಇಲ್ಲದಾಗ ಅದು 50 ವೋಲ್ಟಿನ ಹತ್ತಿರ ಕೊಡುತ್ತದೆ. 50 ವೋಲ್ಟಿನ ಕಂಟ್ರೋಲರ್ ಸುಟ್ಟುಹೋಗಬಹುದು, 100 ವೋಲ್ಟಿನದು ಬೇಕು.

ಮೂರನೇ ದಾರಿ ನಂಟರ ಮನೆ. ನಗಬೇಡಿ, ಮಳೆಗಾಲದಲ್ಲಿ ಇದಕ್ಕಿಂತ ಭರವಸೆಯ ಮೂಲ ಇಲ್ಲ. 20 ಆಂಪಿಯರಿನ ಲಿಥಿಯಂ ಚಾರ್ಜರ್ ಗೋಡೆಯಿಂದ ಎಳೆಯುವುದು 300 ವ್ಯಾಟ್ ಚಿಲ್ಲರೆ, ಜಗಲಿಯ ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗೇ ಸಾಕು. ರಾತ್ರಿ ಎಂಟು ಗಂಟೆಯಲ್ಲಿ 150ರ ಬ್ಯಾಟರಿ ತುಂಬುತ್ತದೆ. ನಂಟರ ಮೀಟರಿನಲ್ಲಿ ಎರಡು ಯೂನಿಟ್ ಚಿಲ್ಲರೆ ಓಡುತ್ತದೆ. ಚಾರ್ಜರಿನ ಹಿಂಬದಿ ಇನ್‌ಪುಟ್ 100ರಿಂದ 240 ವೋಲ್ಟ್ ಎಂದಿರಲಿ. ಒಳನಾಡಿನ ಲೈನುಗಳಲ್ಲಿ ಸಂಜೆ ವೋಲ್ಟೇಜ್ ಕುಸಿಯುತ್ತದೆ. ಎಕ್ಸ್‌ಟೆನ್ಷನ್ ವಯರು ಮೂರು ಕೋರಿನದ್ದೇ ಆಗಲಿ, ಸುರುಳಿ ಪೂರ್ತಿ ಬಿಚ್ಚಿ ಹಾಸಿ, ಗಾಡಿಯ ಕಡೆ, ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ತಗಡಿನ ಬಾಗಿಲು ಮುಟ್ಟುವುದು ನೀವೇ. ತುಲಾ ಮಳೆಯ ಗುಡುಗು ಕೇಳಿಸಿದರೆ ಮನೆಯವರು ಟಿವಿಯ ಪ್ಲಗ್ ಕೀಳುವಾಗ ನಿಮ್ಮದನ್ನೂ ಕಿತ್ತುಬಿಡಿ.

ಪೆಟ್ರೋಲ್ ಜನರೇಟರ್ ಕೊನೆಯದು. ಗಲಾಟೆಯ ಮಾತು ಇರಲಿ, ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಮಳೆಗೆ ನೆನೆಯುತ್ತದೆಂದು ಗಾಡಿಯ ಅಡಿಗೋ ಟಾರ್ಪಾಲಿನ ಒಳಗೋ ತಳ್ಳುವುದು ಸಾವನ್ನು ಕರೆದ ಹಾಗೆ.

ಇಷ್ಟೆಲ್ಲ ವಯರು ಬೇಡ ಎನ್ನುವವರಿಗೆ ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಪವರ್ ಸ್ಟೇಷನ್ ಇದೆ. ಬಾಡಿಗೆ ಗಾಡಿಗೆ, ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಅದೇ ಸರಿ. ಒಳಗಿನ ಒಂದು ಬೋರ್ಡು ಹೋದರೆ ಇಡೀ ಡಬ್ಬಿ ಮಲಗುತ್ತದೆ ಎಂಬುದು ತಿಳಿದಿರಲಿ. ಹಲವು ಮಾದರಿಗಳು ಗಾಡಿಯ ಸಿಗರೇಟ್ ಸಾಕೆಟ್ಟಿನಿಂದ 100 ವ್ಯಾಟಿನಷ್ಟೇ ತೆಗೆದುಕೊಳ್ಳುತ್ತವೆ, ಆಟಿಗೆ ಅದು ಸಾಲದು.

ವಯರು, ಫ್ಯೂಸ್, ಉಪ್ಪುಗಾಳಿ

‘ಫ್ರಿಜ್ ಹಾಳಾಗಿದೆ’ ಎಂದು ಬರುವ ದೂರುಗಳಲ್ಲಿ ಹಲವು ವಯರಿನದ್ದು. ಬ್ಯಾಟರಿಯಿಂದ ಫ್ರಿಜ್ 5 ಮೀಟರ್ ದೂರ ಎಂದುಕೊಳ್ಳಿ. ಹೋಗಿ ಬರುವ ದಾರಿ 10 ಮೀಟರ್. 1.5ರ ವಯರಿನಲ್ಲಿ ಕಂಪ್ರೆಸರ್ ಏಳುವಾಗ 10 ಆಂಪಿಯರ್ ಎಳೆದರೆ 1.2 ವೋಲ್ಟ್ ವಯರಿನಲ್ಲೇ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.8 ಇದ್ದರೂ ಫ್ರಿಜ್ಜಿಗೆ ಕಾಣುವುದು 11.6. ಸಿಗರೇಟ್ ಸಾಕೆಟ್ಟಿನ ಸಡಿಲ ಸಂಪರ್ಕದಲ್ಲಿ ಇನ್ನಷ್ಟು ಹೋದರೆ ಅದು ಬ್ಯಾಟರಿ ಖಾಲಿ ಎಂದುಕೊಂಡು ಆರುತ್ತದೆ. 6ರ ವಯರು ಹಾಕಿದರೆ ನಷ್ಟ 0.3ಕ್ಕೆ ಇಳಿಯುತ್ತದೆ. ಸಾಕೆಟ್ ಬಿಟ್ಟು, ಸ್ಕ್ರೂ ಹಾಕುವ ಕನೆಕ್ಟರ್ ಬಳಸಿ.

1000 ವ್ಯಾಟಿನ ಇನ್ವರ್ಟರ್ ತುಂಬು ಲೋಡಿನಲ್ಲಿ 90 ಆಂಪಿಯರ್ ಮೀರಿ ಎಳೆಯುತ್ತದೆ. ಅದಕ್ಕೆ 25ರಿಂದ 35 ಚದರ ಮಿಲಿಮೀಟರಿನ ವಯರು, ಒಂದೂವರೆ ಮೀಟರ್ ಮೀರದ ದೂರ, 125 ಆಂಪಿಯರಿನ ಫ್ಯೂಸ್. 30 ಆಂಪಿಯರಿನ ಡಿಸಿ-ಡಿಸಿಗೆ 16ರ ವಯರು. ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಫ್ಯೂಸೂ ಎರಡೂ ತುದಿಯಲ್ಲಿ ಬೇಕು. ಫ್ಯೂಸ್ ಕಾಯುವುದು ವಯರನ್ನು, ಸಾಮಾನನ್ನಲ್ಲ. ಆದ್ದರಿಂದ ಅದು ಬ್ಯಾಟರಿಗೆ ಒಂದು ಗೇಣಿನೊಳಗೆ ಇರಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಕ್ಷಣದಲ್ಲಿ ಹರಿಯುವ ಕರೆಂಟು ಸಾವಿರ ಆಂಪಿಯರ್ ದಾಟಬಹುದು. ಕಾರಿನ ಸಣ್ಣ ಪ್ಲಾಸ್ಟಿಕ್ ಫ್ಯೂಸ್ ಅದನ್ನು ತಡೆಯದು. ಮುಖ್ಯ ಫ್ಯೂಸ್ ಅಷ್ಟು ದೊಡ್ಡ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಜಾತಿಯದ್ದಾಗಲಿ.

ಇನ್ವರ್ಟರ್ ಪ್ಯೂರ್ ಸೈನ್‌ವೇವ್ ತೆಗೆದುಕೊಳ್ಳಿ. ಅಗ್ಗದ್ದರಲ್ಲಿ ಮಿಕ್ಸಿ ಗುಂಯ್ಗುಡುತ್ತದೆ, ಬಿಸಿಯಾಗುತ್ತದೆ, ಚಟ್ನಿ ಮಾತ್ರ ನುಣ್ಣಗಾಗುವುದಿಲ್ಲ. ಕೆಲಸ ಮುಗಿದ ಕೂಡಲೇ ಇನ್ವರ್ಟರನ್ನು ಆರಿಸಿ. ಏನೂ ಓಡದಿದ್ದರೂ ಅದು 10 ವ್ಯಾಟ್ ನುಂಗುತ್ತದೆ. ಇಡೀ ದಿನಕ್ಕೆ ಕಾಲು ಯೂನಿಟ್, ಆಟಿಯ ಒಂದು ದಿನದ ಪೂರ್ತಿ ಬಿಸಿಲು.

ಕಡಲ ಗಾಳಿಗೆ ತಾಮ್ರದ ವಯರು ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ವಯರಿನ ತುದಿಗೆ ಒತ್ತಿ ಕೂರಿಸುವ ಲಗ್ಗಿನ ಒಳಗೆ ನುಗ್ಗಿದರೆ ಆ ಜಾಗ ಕಾಯತೊಡಗುತ್ತದೆ. ತವರ ಲೇಪಿಸಿದ ವಯರು, ಹೈಡ್ರಾಲಿಕ್ ಇಕ್ಕಳದಲ್ಲಿ ಒತ್ತಿದ ಲಗ್, ಮೇಲೆ ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ ಎಳೆದರೆ ಕೈಗೆ ಬರುತ್ತದೆ, ಎಳೆದೇ ನೋಡಿ. ಬಿಗಿದ ಮೇಲೆ ವ್ಯಾಸಲೀನ್ ತೆಳ್ಳಗೆ ಸವರಿ. ಮೊದಲು ಬಿಗಿದು ಆಮೇಲೆ ಸವರುವುದು, ತಿರುಗಾಮುರುಗಾ ಅಲ್ಲ.

ಜೋಡಿಸುವ ಕ್ರಮ: ಮೊದಲು ಬ್ಯಾಟರಿಯಿಂದ ಕಂಟ್ರೋಲರಿಗೆ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿ ಇಲ್ಲದೆ ಪ್ಯಾನೆಲ್ ಕೊಟ್ಟರೆ ಕಂಟ್ರೋಲರಿಗೆ ತಾನು 12 ವೋಲ್ಟಿನಲ್ಲಿದ್ದೇನೋ 24ರಲ್ಲಿದ್ದೇನೋ ಗೊತ್ತಾಗುವುದಿಲ್ಲ, ಕೆಲವು ಸುಟ್ಟೇಹೋಗುತ್ತವೆ. ಕೆಲಸ ಮಾಡುವಾಗ ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೈಯ ಉಂಗುರ ತೆಗೆದಿಡಿ. ಮೊದಲ 500 ಕಿಲೋಮೀಟರ್ ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಮಿಕ್ಸಿ ಓಡಿಸಿ, ಆರಿಸಿ, ಪ್ರತಿ ಲಗ್ಗನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಬಿಸಿ ಇದ್ದ ಕಡೆ ದೋಷ ಇದೆ.

ಕಾಗದಪತ್ರದ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ಗಾಡಿಯ ಸ್ವರೂಪ ಬದಲಿಸುವಂತಿಲ್ಲ. ಮಾಡಿಗೆ ತೂತು ಕೊರೆಯುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಬ್ಯಾಟರಿ, ಇನ್ವರ್ಟರ್, ಕಂಟ್ರೋಲರ್ ಮೂರನ್ನೂ ಎತ್ತಿ ತೆಗೆಯಬಹುದಾದ ಒಂದು ಪೆಟ್ಟಿಗೆಯಲ್ಲಿ ಕೂರಿಸಿದರೆ ರಗಳೆ ಕಡಿಮೆ, ಗಾಡಿ ಮಾರುವಾಗಲೂ ಸುಲಭ.

ಪತ್ತನಾಜೆಯ ನಂತರ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಹಾಗೆ ಹಲವರು ಮಳೆಗಾಲಕ್ಕೆ ಗಾಡಿಯನ್ನು ಕೊಟ್ಟಿಗೆಗೆ ತಳ್ಳುತ್ತಾರೆ. ತಳ್ಳುವ ಮೊದಲು ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇಕಡಾ 50ರಿಂದ 60ಕ್ಕೆ ಇಳಿಸಿ, ಪ್ಯಾನೆಲ್ ಬಿಚ್ಚಿ, ಮುಖ್ಯ ಸ್ವಿಚ್ ಆರಿಸಿ. ಲೆಡ್-ಆಸಿಡ್ ಆದರೆ ಇದಕ್ಕೆ ತದ್ವಿರುದ್ಧ: ಪೂರ್ತಿ ತುಂಬಿಸಿಡಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸಿ, 12.4 ವೋಲ್ಟಿನ ಕೆಳಗೆ ಬಿಡಬೇಡಿ. ಸ್ವಿಚ್ ಆರಿಸದೆ ಬಿಟ್ಟರೆ ಗ್ಯಾಸ್ ಅಲಾರಂ, ಸ್ಟೀರಿಯೋ, ಯುಎಸ್‌ಬಿ ಸಾಕೆಟ್ಟಿನ ನೀಲಿ ದೀಪ ಇವೇ ಸೇರಿ ಎರಡು ತಿಂಗಳಲ್ಲಿ ಬ್ಯಾಟರಿಯನ್ನು ತಳ ಕಾಣಿಸುತ್ತವೆ. ಆಗ ಬಿಎಂಎಸ್ ಕಡಿದಿರುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ. ಬ್ಯಾಟರಿ ಸತ್ತಿತೆಂದು ಎಸೆಯಬೇಡಿ. ಲಿಥಿಯಂ ಚಾರ್ಜರ್ ಹಚ್ಚಿ ಹತ್ತು ನಿಮಿಷ ಬಿಡಿ, ಹೆಚ್ಚಿನವು ಎಚ್ಚರಗೊಳ್ಳುತ್ತವೆ.

ನವರಾತ್ರಿಗೆ ಗಾಡಿ ಹೊರತೆಗೆಯುವಾಗ ಸ್ವಿಚ್ ಹಾಕುವ ಮೊದಲು ಫ್ಯೂಸ್ ಪೆಟ್ಟಿಗೆಯನ್ನೂ ಇನ್ವರ್ಟರಿನ ಜಾಲರಿಯನ್ನೂ ಟಾರ್ಚ್ ಹಿಡಿದು ನೋಡಿ. ಬೆಚ್ಚಗಿರುವ ಆ ಜಾಗದಲ್ಲಿ ಹಲ್ಲಿ ಮೊಟ್ಟೆ ಇಟ್ಟಿರುತ್ತದೆ, ಇರುವೆ ಗೂಡು ಕಟ್ಟಿರುತ್ತದೆ. ಒಣ ಬ್ರಷ್ಷಿನಲ್ಲಿ ಗುಡಿಸಿ, ಲಗ್ಗುಗಳ ಕಿಲುಬು ಉಜ್ಜಿ, ಆಮೇಲೆ ಸ್ವಿಚ್ ಹಾಕಿ.